ಅಂಗಿಯ ಬಣ್ಣ

ಕಳೆದ ಚಳಿಗಾಲದಲ್ಲಿ ನಮ್ಮ ಕಾಲೇಜಿನ ಎನ್.ಸಿ.ಸಿ. ಹುಡುಗರ ಜೊತೆ ಎರಡು ದಿನ ಶಿಬಿರವಾಸ ಮಾಡುವ ಯೋಗ ನನ್ನ ಪಾಲಿಗೆ ಒದಗಿತು. ಹೋಗಬೇಕಾಗಿದ್ದ ಅಧ್ಯಾಪಕರು ಜ್ವರ ಹಿಡಿದು ಮಲಗಿದರು. ಕನ್ನಡ ಮೇಷ್ಟರಿಗೆ ಹೇಗೂ ಕೆಲಸ ಕಡಿಮೆ ಎಂಬ ಲೋಕಪ್ರಸಿದ್ಧವಾದ ನಂಬಿಕೆಯ ಆಧಾರದ ಮೇಲೆ ಅವರ ಬದಲಿಗೆ ನನ್ನನ್ನು ಕಳುಹಿಸಿದರು. ಎರಡನೆಯ ದಿನದ ಸಂಜೆ ಹಗ್ಗಜಗ್ಗಾಟ. ಒಂದು ಕಡೆ ಭೂದಳದ ಹುಡುಗರು, ಇನ್ನೊಂದು ಕಡೆ ನೌಕಾದಳದವರು. ಎಲ್ಲರೂ ಬೆಂಗಳೂರಿನವರೇ, ಹಲವರು ಒಂದೇ ತರಗತಿಯವರು. ಆದರೂ ಹಗ್ಗ ಕೈಗೆ ಬರುತ್ತಲೂ ಎಲ್ಲಿ ಅಡಗಿತ್ತೋ ಆ ವೈರ! "ಸಾರ್, ಇವರು ಕಂಡಿರೋ ಸಮುದ್ರ ಅಂದ್ರೆ ಹಲಸೂರು ಕೆರೆ!" ಎಂದು ಭೂದಳದವನೊಬ್ಬ ಕೂಗಿದ. "ನಿಮ್ಮ ಬಂದೂಕಿನಲ್ಲಿ ಗುಂಡಾದರೂ ಇತ್ತೇನೋ?" ಎಂದು ಆ ಕಡೆಯಿಂದ ಉತ್ತರ ಬಂತು. ರಾತ್ರಿ ನೋಡಿದರೆ ಅದೇ ಹುಡುಗರು ಒಂದೇ ತಟ್ಟೆಯಿಂದ ಚಿತ್ರಾನ್ನ ಕಿತ್ತುಕೊಂಡು ತಿನ್ನುತ್ತಿದ್ದರು.

ಅಂದು ನೋಡಲು ಬಂದಿದ್ದ ನಿವೃತ್ತ ಸೇನಾಧಿಕಾರಿಯೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. "ಇದೇನು ಹೊಸದಲ್ಲ ಮೇಷ್ಟ್ರೇ," ಎಂದರು. "ಇಂಗ್ಲೆಂಡಿನಲ್ಲಿ ಭೂಸೇನೆಗೂ ನೌಕಾದಳಕ್ಕೂ ನಡೆಯುವ ರಗ್ಬಿ ಪಂದ್ಯದ ವಿಷಯ ಓದಿ ನೋಡಿ. ನೂರು ವರ್ಷ ದಾಟಿದ ಜಗಳ ಅದು. ಅಂಗಳಕ್ಕೆ ಇಳಿದ ಮೇಲೆ ಅಲ್ಲಿ ದೊಡ್ಡವನಿಲ್ಲ, ಚಿಕ್ಕವನಿಲ್ಲ. ಅಂಗಿಯ ಬಣ್ಣ ಒಂದೇ ಲೆಕ್ಕ." ಮಾತು ನನ್ನ ಮನಸ್ಸಿಗೆ ಹಿಡಿಸಿತು. ಊರಿಗೆ ಬಂದು ಓದತೊಡಗಿದೆ. ಓದುತ್ತ ಹೋದಂತೆ ಆ ಹಿರಿಯರ ಮಾತು ಅರ್ಧ ನಿಜ ಎನಿಸಿತು. ಇನ್ನರ್ಧದ ಕಥೆಯನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೊದಲು ಆಟದ ವಿಷಯ ಎರಡು ಮಾತು. ರಗ್ಬಿಯಲ್ಲಿ ಕಡೆಗೆ ಹದಿನೈದು ಜನ. ಚೆಂಡು ದುಂಡಗಿಲ್ಲ, ಕೋಳಿಮೊಟ್ಟೆಯನ್ನು ಹಿಗ್ಗಿಸಿದಂತೆ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು; ಹಿಡಿದವನನ್ನು ಎದುರಾಳಿಗಳು ಅಪ್ಪಿ ನೆಲಕ್ಕೆ ಕೆಡವಬಹುದು. ಆದರೆ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯಕೂಡದು. ಮುಂದೆ ಹೋಗಬೇಕಾದರೆ ಹಿಂದಿರುವವನಿಗೆ ಕೊಡಬೇಕು! ಎಂಟೆಂಟು ಜನ ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಹೆಣೆದು, ಎತ್ತುಗಳಂತೆ ಒಬ್ಬರನ್ನೊಬ್ಬರು ನೂಕುವ ಸ್ಕ್ರಮ್ ಎಂಬ ಸನ್ನಿವೇಶವೊಂದುಂಟು. ನೋಡಿದವರಿಗೆ ಇದು ಆಟವೋ ಹೊಡೆದಾಟವೋ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಸೈನಿಕರಿಗೆ ಇದು ಪ್ರಿಯವಾದದ್ದೂ ಆಶ್ಚರ್ಯವಲ್ಲ.

ಭೂಸೇನೆಯೂ ನೌಕಾದಳವೂ ಮೊದಲ ಸಲ ಎದುರುಬದುರಾದದ್ದು 1878ರ ಫೆಬ್ರವರಿಯಲ್ಲಿ, ಲಂಡನ್ನಿನ ಓವಲ್ ಮೈದಾನದಲ್ಲಿ. ಕ್ರಿಕೆಟ್ಟಿನ ಮೂಲಕ ನಮಗೆಲ್ಲ ಪರಿಚಿತವಾದ ಅದೇ ಓವಲ್. ಅಂದು ಗೆದ್ದವರು ನೌಕಾದಳದವರು. ಆದರೆ ಆ ಪಂದ್ಯದ ಹೆಸರನ್ನು ಗಮನಿಸಬೇಕು: ಅದು ಭೂಸೇನೆಯ ಅಧಿಕಾರಿಗಳಿಗೂ ನೌಕಾದಳದ ಅಧಿಕಾರಿಗಳಿಗೂ ನಡೆದ ಪಂದ್ಯ. ಬಂದೂಕು ಹೊರುವ ಸಿಪಾಯಿ, ಹಡಗಿನ ಹೊಟ್ಟೆಯಲ್ಲಿ ಕಲ್ಲಿದ್ದಲು ತುಂಬುವ ನಾವಿಕ ಅಲ್ಲಿ ಆಡುವವರ ಸಾಲಿನಲ್ಲಿ ಇರಲಿಲ್ಲ. ರಗ್ಬಿ ಹುಟ್ಟಿದ್ದು ಸಿರಿವಂತರ ಮಕ್ಕಳು ಓದುವ ಶಾಲೆಗಳಲ್ಲಿ. ಆ ಶಾಲೆಗಳಿಂದ ಹೊರಬಿದ್ದವರೇ ಸೇನೆಯ ಅಧಿಕಾರಿಗಳಾಗುತ್ತಿದ್ದರು. ಆಟವೂ ಅವರ ಜೊತೆಯಲ್ಲೇ, ಪೆಟ್ಟಿಗೆಯಲ್ಲಿಟ್ಟುಕೊಂಡು ತಂದ ಸಾಮಾನಿನಂತೆ, ಸೇನೆಯೊಳಕ್ಕೆ ಬಂತು.

ಅದೇ 1878ರಲ್ಲಿ ನಮ್ಮ ಕಲ್ಕತ್ತೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. 1872ರ ಕ್ರಿಸ್ಮಸ್ ದಿನ ಅಲ್ಲಿನ ಬಿಳಿಯರು ಇಂಗ್ಲೆಂಡಿನವರು ಒಂದು ಪಕ್ಷ, ಸ್ಕಾಟ್ಲೆಂಡ್ ಐರ್ಲೆಂಡ್ ವೇಲ್ಸ್‌ಗಳವರು ಇನ್ನೊಂದು ಪಕ್ಷ ಎಂದು ರಗ್ಬಿ ಆಡಿ, ಮರುತಿಂಗಳೇ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಕಟ್ಟಿದ್ದರು. ಅದರ ಜೀವಾಳ ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ಪಲ್ಟನ್ನಿನ ಆಟಗಾರರು. ಪಲ್ಟನ್ ಬೇರೆ ಕಡೆಗೆ ಹೋಯಿತು. ಸದಸ್ಯರಿಗೆ ಪುಕ್ಕಟೆಯಾಗಿ ದೊರೆಯುತ್ತಿದ್ದ ಪಾನೀಯವೂ ನಿಂತಿತು. ಇವೆರಡರಲ್ಲಿ ಯಾವುದು ಹೆಚ್ಚಿನ ಹೊಡೆತವಾಯಿತೋ ದೇವರೇ ಬಲ್ಲ, ಕ್ಲಬ್ ಮುಚ್ಚಿಹೋಯಿತು. ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು, 270 ಎಂದು ಲೆಕ್ಕ, ಹೊರತೆಗೆದು ಕರಗಿಸಿ ಒಂದು ಬಟ್ಟಲು ಮಾಡಿಸಿ ಲಂಡನ್ನಿಗೆ ಕಳಿಸಿದರು. ಮೂರು ಹಿಡಿ, ಮೂರೂ ಹೆಡೆಯೆತ್ತಿದ ನಾಗರ. ಮುಚ್ಚಳದ ಮೇಲೊಂದು ಆನೆ. 1879ರಿಂದ ಇಂಗ್ಲೆಂಡೂ ಸ್ಕಾಟ್ಲೆಂಡೂ ಸೆಣಸುತ್ತಿರುವುದು ಈ ಕಲ್ಕತ್ತಾ ಕಪ್ಪಿಗಾಗಿಯೇ. ನಮ್ಮ ನಾಗಪ್ಪ, ನಮ್ಮ ಗಜರಾಜ, ನಮ್ಮ ರೂಪಾಯಿ. ಆಟ ಮಾತ್ರ ನಮ್ಮದಲ್ಲ. ಬೆಂಗಳೂರಿನ ದಂಡು 1809ರಿಂದ ಬಿಳಿಯ ಪಲ್ಟನ್ನುಗಳ ನೆಲೆ. ಅವರಿಂದ ಕಾಲ್ಚೆಂಡಾಟವನ್ನು ಕಲಿತು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನೇ ಗೆದ್ದು ತಂದಿತು. ರಗ್ಬಿ ಮಾತ್ರ ನಮ್ಮ ಹುಡುಗರಿಗೆ ಹತ್ತಲಿಲ್ಲ. ನಮ್ಮ ಗಟ್ಟಿನೆಲದ ಮೇಲೆ ದಿನಕ್ಕೆ ಇಪ್ಪತ್ತು ಸಲ ಬೀಳುವುದು ಯಾರಿಗೆ ಬೇಕು ಎಂಬುದು ನನ್ನ ಊಹೆ. ಬಲ್ಲವರು ಬೇರೆ ಹೇಳಬಹುದು.

ಭೂಸೇನೆ ನೌಕಾದಳಗಳ ಪಂದ್ಯ ಪ್ರತಿವರ್ಷದ ಕಟ್ಟಳೆಯಾದದ್ದು 1907ರಿಂದ. ಕೆಂಪು ಅಂಗಿ ಭೂಸೇನೆಯದು, ಕಡುನೀಲಿ ನೌಕಾದಳದ್ದು. ಅಂದಿನ ಆ ಎರಡು ಸೇನೆಗಳ ಹೆಸರುಪಡೆದ ರಗ್ಬಿ ವೀರರನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಭೂಸೇನೆಯ ಬೇಸಿಲ್ ಮೆಕ್ಲಿಯರ್ ಐರ್ಲೆಂಡ್ ರಾಷ್ಟ್ರದ ಪರವಾಗಿಯೂ ಆಡಿದವನು. ಬಿಳಿಯ ಕೈಗವಸು ತೊಟ್ಟು ಮೈದಾನಕ್ಕಿಳಿಯುತ್ತಿದ್ದ ಶೋಕಿಲಾಲ. 1915ರ ಮೇ ತಿಂಗಳಲ್ಲಿ ಈಪ್ರ್ ಬಳಿಯ ಕದನದಲ್ಲಿ ಮಡಿದ. ನೌಕಾದಳದ ಫ್ರಾನ್ಸಿಸ್ ಓಕ್ಲಿ 1914ರಲ್ಲಿ ಇಂಗ್ಲೆಂಡಿನ ತಂಡದಲ್ಲಿ ಆಡುತ್ತಿದ್ದ. ಅದೇ ವರ್ಷ ಮುಗಿಯುವುದರೊಳಗೆ ಅವನಿದ್ದ ಡಿ-2 ಎಂಬ ಜಲಾಂತರ್ಗಾಮಿ ಉತ್ತರ ಸಮುದ್ರದಲ್ಲಿ ಎಲ್ಲರನ್ನೂ ಹೊತ್ತು ಮುಳುಗಿತು. ಅದೇ ವರ್ಷ ಇಂಗ್ಲೆಂಡಿನ ಪರ ಎರಡು ಪಂದ್ಯ ಆಡಿದ್ದ ನೌಕಾದಳದ ಆರ್ಥರ್ ಹ್ಯಾರಿಸನ್ 1918ರ ಏಪ್ರಿಲ್‌ನಲ್ಲಿ ಜೀಬ್ರುಗ್ಗ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಒಂದು ತುಕಡಿಯ ಮುಂದಾಳು. ದವಡೆ ಒಡೆದು ಪ್ರಜ್ಞೆ ತಪ್ಪಿ ಬಿದ್ದವನು ಎಚ್ಚರವಾದೊಡನೆ ಎದ್ದು, ಉಳಿದವರನ್ನು ಕಟ್ಟಿಕೊಂಡು, ಗುಂಡಿನ ಮಳೆಯೊಳಕ್ಕೆ ಓಡಿ ಸತ್ತ. ಇಂಗ್ಲೆಂಡಿನ ರಗ್ಬಿ ತಂಡಕ್ಕೆ ಆಡಿದವರಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವನು ಇವನೊಬ್ಬನೇ. ಆಟದಲ್ಲಿ ಎದುರಾಳಿಗಳಾಗಿದ್ದವರು ಸಾವಿನಲ್ಲಿ ಒಂದೇ ಪಕ್ಷದವರು. ನಿವೃತ್ತ ಅಧಿಕಾರಿಗಳು ಹೇಳಿದ ಅರ್ಧ ನಿಜವೆಂದರೆ ಇದೇ. ಇದನ್ನು ಹಗುರವಾಗಿ ಕಾಣುವವನು ನಾನಲ್ಲ.

ಯುದ್ಧ ಮುಗಿಯಿತು. ಮುಗಿದೊಡನೆ ಇನ್ನೊಂದು ತಾಪತ್ರಯ ಹುಟ್ಟಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ದಕ್ಷಿಣ ಆಫ್ರಿಕಗಳಿಂದ ಬಂದ ಲಕ್ಷಾಂತರ ಸೈನಿಕರನ್ನು ಮನೆಗೆ ಸಾಗಿಸಲು ಸಾಕಷ್ಟು ಹಡಗುಗಳಿಲ್ಲ. ಮಾಡಲು ಕೆಲಸವಿಲ್ಲ, ಮಳೆ, ಕೆಸರು, ಸಾಲುಸಾಲು ಬಿಡಾರ. ಹೊಡೆದಾಡಿ ಬಂದ ಹುಡುಗರನ್ನು ತಿಂಗಳುಗಟ್ಟಲೆ ಸುಮ್ಮನೆ ಕೂರಿಸಿದರೆ ಏನಾಗಬೇಕೋ ಅದೇ ಆಯಿತು. 1919ರ ಮಾರ್ಚ್ ತಿಂಗಳಲ್ಲಿ ವೇಲ್ಸ್‌ನ ಕಿನ್ಮೆಲ್ ಶಿಬಿರದಲ್ಲಿ ಕೆನಡಾದ ಸೈನಿಕರು ದಂಗೆಯೆದ್ದು ಐವರು ಸತ್ತರು. ನ್ಯೂಜಿಲೆಂಡಿನವರ ಶಿಬಿರದಲ್ಲೂ ಗಲಭೆಯಾಯಿತು. ಅಧಿಕಾರಿಗಳು ಅವರ ಕೈಗೆ ಗುದ್ದಲಿ ಕೊಟ್ಟು, ಪಕ್ಕದ ಸುಣ್ಣದ ಗುಡ್ಡದ ಮೇಲೆ ತಮ್ಮ ನಾಡಿನ ಕಿವಿ ಹಕ್ಕಿಯ ಭಾರಿ ಆಕಾರವೊಂದನ್ನು ಕೆತ್ತಲು ಹಚ್ಚಿದರು. ಆ ಹಕ್ಕಿ ಇಂದಿಗೂ ಬುಲ್‌ಫರ್ಡ್ ಎಂಬ ಊರಿನ ಮೇಲಿನ ಗುಡ್ಡದಲ್ಲಿದೆ.

ಬಿಸಿರಕ್ತಕ್ಕೆ ಆಟದ ಮದ್ದು ಎನ್ನುವಂತೆ ಆ ಮಾರ್ಚ್ ಏಪ್ರಿಲ್‌ಗಳಲ್ಲಿ ಬ್ರಿಟನ್ನಿನ ಊರೂರುಗಳಲ್ಲಿ ಸೇನೆಗಳ ನಡುವೆ ರಗ್ಬಿ ಪಂದ್ಯಾವಳಿ ನಡೆಯಿತು. ಗೆದ್ದವರಿಗೆ ಐದನೆಯ ಜಾರ್ಜ್ ದೊರೆಯ ಹೆಸರಿನ ಕಿಂಗ್ಸ್ ಕಪ್. ಒಟ್ಟು ಆರು ತಂಡ. "ಮಾತೃಭೂಮಿ" ಎಂಬ ಹೆಸರಿನಲ್ಲಿ ಬ್ರಿಟನ್ನಿನ ಭೂಸೇನೆ, ಇನ್ನೂ ವರ್ಷ ತುಂಬದ ಕೂಸಾಗಿದ್ದ ವಾಯುದಳ, ಮೇಲೆ ಹೇಳಿದ ನಾಲ್ಕು ನಾಡುಗಳ ಸೇನೆಗಳು. ನೌಕಾದಳದ ತಂಡ ಇದರಲ್ಲಿರಲಿಲ್ಲ. ಅದೇ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕು ಭಾರತೀಯರು ಸಮುದ್ರ ದಾಟಿ ಹೋಗಿದ್ದರು. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲಿನ ದಾಳಿಯಲ್ಲಿ ಹೆಸರು ಗಳಿಸಿತ್ತು. ಭಾರತದ ತಂಡವೂ ಇರಲಿಲ್ಲ. ಇದಕ್ಕೆ ದೂರು ಹೇಳುವುದು ಸಲ್ಲದು. ಆಡಲು ಬಾರದ ಆಟಕ್ಕೆ ಕರೆಯಲಿಲ್ಲವೆಂದು ಕೋಪಿಸಿಕೊಳ್ಳಬಾರದು. ಆದರೆ ಭಾರತದ ಹೆಸರೊಂದು ಮಾತ್ರ ಆ ಪಂದ್ಯಾವಳಿಯಲ್ಲಿತ್ತು. ನ್ಯೂಜಿಲೆಂಡ್ ಸೇನೆಯ ತಂಡದಲ್ಲಿದ್ದ ಒಬ್ಬ ಆಟಗಾರನ ಹೆಸರು ರಂಜಿ.

ನೇಥನೀಲ್ ಆರ್ಥರ್ ವಿಲ್ಸನ್ ಅವನ ನಿಜವಾದ ಹೆಸರು. 1886ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಹುಟ್ಟಿದವನು. ಅವನ ತಂದೆ ವೆಸ್ಟ್ ಇಂಡೀಸ್ ದ್ವೀಪಗಳ ಮೂಲದವನು. ಆದ್ದರಿಂದ ಮಗನ ಮೈಬಣ್ಣ ಕಪ್ಪು. ಆ ಕಾಲದಲ್ಲಿ ಇಂಗ್ಲಿಷ್ ಆಡುವ ಲೋಕಕ್ಕೆಲ್ಲ ಗೊತ್ತಿದ್ದ ಕಪ್ಪು ಬಣ್ಣದ ಆಟಗಾರನೆಂದರೆ ಕ್ರಿಕೆಟ್ಟಿನ ರಣಜಿತ್‌ಸಿಂಹಜಿ. ಅವರನ್ನು ಹೋಲುತ್ತಾನೆಂದು ಗೆಳೆಯರು ಇವನನ್ನೂ ರಂಜಿ ಎಂದು ಕರೆದರು, ಅದೇ ನಿಂತಿತು. ಯಾವ ಹೆಸರಿನ ಟ್ರೋಫಿಯನ್ನು ನಮ್ಮ ನಾಡು 1974ರಲ್ಲಿ ಮೊದಲ ಸಲ ಗೆದ್ದಾಗ ನಾವೆಲ್ಲ ಕುಣಿದಾಡಿದೆವೋ ಅದೇ ರಂಜಿ. ನಾನಾಗ ಹುಟ್ಟಿರಲಿಲ್ಲ, ನಿಜ. ಆದರೆ ನಮ್ಮ ತಂದೆ ಹೇಳಿ ಹೇಳಿ ನಾನೂ ಕುಣಿದಂತೆಯೇ ಆಗಿದೆ.

ರಂಜಿ ವಿಲ್ಸನ್ ಸಾಮಾನ್ಯ ಆಟಗಾರನಲ್ಲ. 1908ರಿಂದ 1914ರವರೆಗೆ ನ್ಯೂಜಿಲೆಂಡಿನ ರಾಷ್ಟ್ರೀಯ ತಂಡದಲ್ಲಿ, ಎಂದರೆ ಜಗತ್ಪ್ರಸಿದ್ಧವಾದ ಆಲ್ ಬ್ಲ್ಯಾಕ್ಸ್ ತಂಡದಲ್ಲಿ, ಹತ್ತು ಟೆಸ್ಟ್ ಪಂದ್ಯಗಳನ್ನಾಡಿದವನು. ಯುದ್ಧ ಬಂತು, ಸೈನ್ಯಕ್ಕೆ ಸೇರಿದ. 1919ರಲ್ಲಿ ಮೂವತ್ತೆರಡು ದಾಟಿದ ವಯಸ್ಸು. ರಗ್ಬಿಯಲ್ಲಿ ಅದು ಮುದುಕನ ಲೆಕ್ಕ.

ಪಂದ್ಯಾವಳಿಯ ವಿವರಗಳನ್ನೆಲ್ಲ ಹೇಳಿ ವಾಚಕರನ್ನು ದಣಿಸುವುದಿಲ್ಲ. ನ್ಯೂಜಿಲೆಂಡಿನವರು ದಕ್ಷಿಣ ಆಫ್ರಿಕದವರನ್ನು 14-5ರಿಂದ ಸೋಲಿಸಿದರು. ಆಸ್ಟ್ರೇಲಿಯಾದವರ ಕೈಯಲ್ಲಿ ಮಾತ್ರ 6-5ರಿಂದ, ಒಂದೇ ಒಂದು ಅಂಕದಿಂದ, ಸೋತರು. ಕೊನೆಗೆ ಏಪ್ರಿಲ್ 16ರಂದು ಟ್ವಿಕೆನ್‌ಹ್ಯಾಮ್ ಮೈದಾನದಲ್ಲಿ "ಮಾತೃಭೂಮಿ"ಯನ್ನು 9-3ರಿಂದ ಮಣಿಸಿ ಕಪ್ಪಿಗೆ ಒಡೆಯರಾದರು. ಮೂರು ದಿನ ಕಳೆದು ಅಲ್ಲಿಯೇ ಫ್ರಾನ್ಸಿನ ಸೇನೆಯ ತಂಡವನ್ನೂ ಸೋಲಿಸಿ ದೊರೆಯಿಂದ ಕಪ್ಪನ್ನು ಪಡೆದರು. ಸಾಮ್ರಾಜ್ಯದ ಮಕ್ಕಳೆಲ್ಲ ಒಂದೇ ಕುಟುಂಬ, ರಣರಂಗದ ಒಗ್ಗಟ್ಟೇ ಆಟದ ಅಂಗಳದಲ್ಲೂ ಬೆಳಗಿತು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೆ?

ಗೆದ್ದ ತಂಡಕ್ಕೆ ದಕ್ಷಿಣ ಆಫ್ರಿಕದಿಂದ ಆಹ್ವಾನ ಬಂತು. ಹೇಗೂ ಮನೆಗೆ ಹೋಗುವ ದಾರಿಯಲ್ಲಿ ನಮ್ಮ ನಾಡಿಗೂ ಬಂದು ಆಡಿಹೋಗಿ ಎಂದು. ಆದರೆ ಆಹ್ವಾನಕ್ಕೊಂದು ಬಾಲವಿತ್ತು. ಬಿಳಿಯರಲ್ಲದವರು ತಂಡದಲ್ಲಿ ಇರಕೂಡದು. ಹೀಗಾಗಿ ರಂಜಿ ವಿಲ್ಸನ್ ಆ ಪ್ರವಾಸದಲ್ಲಿ ಆಡುವಂತಿಲ್ಲವೆಂದಾಯಿತು. ಮಾವೊರಿ ಕುಲದ ಪರೇಕುರ ತುರೇಯ ಎಂಬ ಇನ್ನೊಬ್ಬ ಸೈನಿಕನಿಗೂ ಅದೇ ಗತಿ. ಕೆಲವೇ ತಿಂಗಳ ಹಿಂದೆ ಅದೇ ದಕ್ಷಿಣ ಆಫ್ರಿಕದ ಸೈನಿಕರು ಇವರ ತಂಡದೊಡನೆ ಟ್ವಿಕೆನ್‌ಹ್ಯಾಮ್‌ನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನೂಕಾಡಿದ್ದರು. ಅಲ್ಲಿ ಅಡ್ಡಬಾರದ ಬಣ್ಣ ಇಲ್ಲಿ ಅಡ್ಡ ಬಂತು. ತಂಡದವರು ಏನು ಮಾಡಿದರು? ಹೋದರು, ಆಡಿದರು. ರಂಜಿ ಇಲ್ಲದೆ ಆಡಿದರು.

ವರ್ಷ ವರ್ಷ ಪಂಪಭಾರತವನ್ನು ಪಾಠ ಹೇಳುವವನು ನಾನು. ದ್ರೋಣನ ಶಿಷ್ಯರು ತಮ್ಮ ಅಸ್ತ್ರವಿದ್ಯೆಯನ್ನು ಮೆರೆಯುವ ರಂಗಕ್ಕೆ ಕರ್ಣ ಬರುತ್ತಾನಲ್ಲ, ಆಗ ಅವನ ಕೈಚಳಕವನ್ನು ಬಿಟ್ಟು ಅವನ ಕುಲವನ್ನು ಕೇಳುತ್ತಾರೆ. ಆ ಭಾಗ ಬಂದಾಗ ತರಗತಿ ನಿಶ್ಶಬ್ದವಾಗುತ್ತದೆ. ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ರಂಜಿಯ ಕಥೆ ಓದುವಾಗ ನನಗೆ ನೆನಪಾದದ್ದು ಅದು. ಒಂದು ವ್ಯತ್ಯಾಸವುಂಟು. ಕರ್ಣನಿಗೆ ಅಲ್ಲಿಯೇ, ಆ ಕ್ಷಣವೇ, ಅಂಗರಾಜ್ಯದ ಪಟ್ಟ ಕಟ್ಟಿ ಪಕ್ಕದಲ್ಲಿ ನಿಂತವನೊಬ್ಬನಿದ್ದ. ದುರ್ಯೋಧನನ ಒಳ ಲೆಕ್ಕಾಚಾರ ಏನೇ ಇರಲಿ, ನಿಂತನಲ್ಲ! ರಂಜಿಗೆ ಅಂಥವನು ಸಿಗಲಿಲ್ಲ. ಅವನು ಮುಂದೆ ತನ್ನ ನಾಡಿನ ಆಟಗಾರರನ್ನು ಆರಿಸುವ ಸಮಿತಿಯಲ್ಲಿ ಕುಳಿತನೆಂಬುದು ಸಮಾಧಾನದ ಸಂಗತಿ.

ಭೂಸೇನೆ ನೌಕಾದಳಗಳ ಹಳೆಯ ಜಗಳಕ್ಕೆ 1920ರಲ್ಲಿ ವಾಯುದಳವೂ ತಿಳಿನೀಲಿ ಅಂಗಿ ತೊಟ್ಟು ಸೇರಿಕೊಂಡಿತು. ಅಂದಿನಿಂದ ಅದು ಮೂರು ದಳಗಳ ತ್ರಿಕೋನ ಸ್ಪರ್ಧೆ. ಆ ದಶಕದಲ್ಲಿ ಇಂಗ್ಲೆಂಡಿನ ರಗ್ಬಿಯನ್ನು ಎತ್ತಿಹಿಡಿದವರು ಈ ದಳಗಳವರೇ ಎಂದರೂ ಸಲ್ಲುತ್ತದೆ. ವಾಯುದಳದ ವೇಕ್‌ಫೀಲ್ಡ್, ನೌಕಾದಳದ ಡೇವೀಸ್ ಮತ್ತು ಕರ್ಷಾ. ಈ ಕೊನೆಯ ಇಬ್ಬರು ಇಂಗ್ಲೆಂಡಿನ ಪರ ಜೋಡಿಯಾಗಿ ಆಡಿದ ಹದಿನಾಲ್ಕು ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ನನ್ನ ಮನಸ್ಸು ನಿಲ್ಲುವುದು ಮಾತ್ರ ಇವರ ಜೊತೆ ಆಡುತ್ತಿದ್ದ ಲಡಿಂಗ್ಟನ್ ಎಂಬವನ ಮೇಲೆ. ಅವನು ಅಧಿಕಾರಿಯಲ್ಲ. ಕೆಳದರ್ಜೆಯಿಂದ ಮೇಲೆ ಬಂದು, ಹಡಗಿನ ನಾವಿಕರ ಶಿಸ್ತು ನೋಡಿಕೊಳ್ಳುವ "ಮಾಸ್ಟರ್ ಅಟ್ ಆರ್ಮ್ಸ್" ಎಂಬ ಹುದ್ದೆಗೇರಿದವನು; ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಸುಬೇದಾರನ ಸಮಾನ. 1923ರಿಂದ 1926ರವರೆಗೆ ಇಂಗ್ಲೆಂಡಿಗೆ ಹದಿಮೂರು ಸಲ ಆಡಿದ. 1878ರಲ್ಲಿ ಅಧಿಕಾರಿಗಳಿಗೆ ಮಾತ್ರ ತೆರೆದಿದ್ದ ಬಾಗಿಲು ಅರ್ಧ ಶತಮಾನದಲ್ಲಿ ಇಷ್ಟು ಸಡಿಲವಾಗಿತ್ತು. 1941ರ ಜನವರಿಯಲ್ಲಿ ಇಲಸ್ಟ್ರಿಯಸ್ ಎಂಬ ವಿಮಾನವಾಹಕ ಹಡಗಿನ ಮೇಲೆ ಬಾಂಬುಗಳು ಬಿದ್ದಾಗ ಅವನೂ ತೀರಿಕೊಂಡ. ಅದೇ ವರ್ಷದ ಜುಲೈಯಲ್ಲಿ, 1913ರ ಇಂಗ್ಲೆಂಡ್ ತಂಡದ ನಾಯಕನೂ ನೌಕಾದಳದ ಹಿರಿಯ ಅಧಿಕಾರಿಯೂ ಆಗಿದ್ದ ನಾರ್ಮನ್ ವುಡ್‌ಹೌಸ್ ತಾನಿದ್ದ ವ್ಯಾಪಾರಿ ಹಡಗಿನೊಡನೆ ಮುಳುಗಿದ. ಅಡ್ಮಿರಲ್ ಒಬ್ಬ, ಕೆಳದರ್ಜೆಯ ನಾವಿಕ ಒಬ್ಬ. ಸಮುದ್ರ ಭೇದವೆಣಿಸಲಿಲ್ಲ.

ಬ್ರಿಟನ್ನಿನಲ್ಲೇ ಹುಟ್ಟಿದ ಇನ್ನೊಂದು ಭೇದವನ್ನೂ ಯುದ್ಧವೇ ಬಯಲಿಗೆಳೆಯಿತು. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು, ಗಣಿ ಗಿರಣಿಗಳ ಕೂಲಿಯವರು ಆಟಕ್ಕಾಗಿ ಕಳೆದುಕೊಂಡ ಸಂಬಳವನ್ನು ತುಂಬಿಕೊಡಬೇಕೆಂದು ಕೇಳಿ, ಅದು ಸಿಗದೆ, ಬೇರೆಯಾಗಿದ್ದವು. ಅಲ್ಲಿಂದ ರಗ್ಬಿ ಲೀಗ್ ಎಂಬ ಬೇರೆ ಆಟವೇ ಬೆಳೆಯಿತು. ಅದನ್ನಾಡಿದವರಿಗೆ ಹಳೆಯ ರಗ್ಬಿಯ ಬಾಗಿಲು ಬಂದ್. ಎರಡನೆಯ ಮಹಾಯುದ್ಧದಲ್ಲಿ ಎರಡೂ ಜಾತಿಯವರು ಒಂದೇ ಸಮವಸ್ತ್ರ ತೊಟ್ಟ ಮೇಲೆ ಸೇನೆಯೊಳಗೆ ಆ ಮಡಿಯನ್ನು ಸಡಿಲಿಸಬೇಕಾಯಿತು. 1943ರಲ್ಲೂ 1944ರಲ್ಲೂ ಈ ಎರಡು ಬಣದ ಸೈನಿಕ ಆಟಗಾರರು ಎದುರುಬದುರಾದರು. ನಿಯಮ ಹಳೆಯ ರಗ್ಬಿಯದು. ಎರಡು ಸಲವೂ ಗೆದ್ದವರು ಕೂಲಿಯವರ ಆಟದವರು, 18-11 ಮತ್ತು 15-10. ಓದಿ ನನಗಂತೂ ಸಂತೋಷವಾಯಿತು.

ಈಚಿನ ವರ್ಷಗಳಲ್ಲಿ ಭೂಸೇನೆ ನೌಕಾದಳಗಳ ಪಂದ್ಯಕ್ಕೆ ಟ್ವಿಕೆನ್‌ಹ್ಯಾಮ್‌ನಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದುಂಟು. ಭೂಸೇನೆಯ ಕೆಂಪು ಅಂಗಿ ತೊಟ್ಟವರಲ್ಲಿ ಹಲವರು ದೂರದ ಫಿಜಿ ದ್ವೀಪಗಳಿಂದ ಬಂದ ಸೈನಿಕರು. ಅವರಲ್ಲೊಬ್ಬ, ಅಫ್ಘಾನಿಸ್ತಾನದಲ್ಲಿ ದುಡಿದು ಬಂದ ಸೆಮೆಸಾ ರೊಕೊಡುಗುನಿ, 2014ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬಿಳಿಯ ಅಂಗಿ ತೊಟ್ಟು ಮೊದಲ ಪಂದ್ಯವಾಡಿದ. ಎದುರಾಳಿಗಳು ನ್ಯೂಜಿಲೆಂಡಿನವರು.

ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಆ ನಿವೃತ್ತ ಅಧಿಕಾರಿಗಳಿಗೆ ಕಳಿಸಿದೆ. ವಾರದೊಳಗೆ ಉತ್ತರ ಬಂತು. ಹಳೆಯ ಕಾಲದವರಾದ್ದರಿಂದ ಕೈಬರಹದಲ್ಲೇ ಬರೆದಿದ್ದರು. "ರಂಜಿ ವಿಲ್ಸನ್ನನ ವಿಷಯ ನನಗೆ ತಿಳಿದಿರಲಿಲ್ಲ. ನಮಗೆ ಯಾರೂ ಹೇಳಿರಲಿಲ್ಲ. ಅವನಿಗೆ ಆಮೇಲೆ ಯಾರಾದರೂ ಕ್ಷಮೆ ಕೇಳಿದರೆ?" ಎಂದು ಕೇಳಿದ್ದರು.

ನ್ಯೂಜಿಲೆಂಡಿನ ತಂಡಗಳು 1928ರಲ್ಲಿ, 1949ರಲ್ಲಿ, 1960ರಲ್ಲಿ ಮತ್ತೆ ಮತ್ತೆ ಮಾವೊರಿ ಆಟಗಾರರನ್ನು ಮನೆಯಲ್ಲಿ ಬಿಟ್ಟು ದಕ್ಷಿಣ ಆಫ್ರಿಕಕ್ಕೆ ಹೋದವು. ಕೊನೆಯ ಸಲ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಬೇಡವೆಂದರೂ ಹೋದವು. 2010ರಲ್ಲಿ ಎರಡೂ ದೇಶಗಳ ರಗ್ಬಿ ಮಂಡಲಿಗಳು ಹೀಗೆ ಕೈಬಿಡಲ್ಪಟ್ಟ ಮಾವೊರಿ ಆಟಗಾರರ ಕ್ಷಮೆ ಕೇಳಿದವು. ರಂಜಿ ವಿಲ್ಸನ್ 1953ರಲ್ಲೇ ತೀರಿಕೊಂಡಿದ್ದ. ಅವನು ಮಾವೊರಿಯೂ ಅಲ್ಲ. ಅಧಿಕಾರಿಗಳಿಗೆ ಇಷ್ಟನ್ನೇ ಬರೆದೆ.